ಹೊಸದಿದ್ದೂ ಹಳೆಯದೇ ಏಕೆ?



ಅಂಗಡಿಯ ಗಾಜಿನ ಹಿಂದೆ ಹೊಸ ಗಾಡಿಗಳು ಸಾಲಾಗಿ ನಿಂತಿವೆ. ಸಾಲ ಕೊಡುವವರೂ ಸಿದ್ಧರಿದ್ದಾರೆ. ಹೀಗಿದ್ದರೂ ಕೆಲವರು ಮೂವತ್ತು, ನಲವತ್ತು ವರ್ಷ ಹಳೆಯ ಗಾಡಿಯೊಂದನ್ನು ಹುಡುಕಿ ತಂದು, ಅದರ ಮುಂದೆ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಇದು ಬರೀ ಹುಚ್ಚೇ, ಅಥವಾ ಇದರಲ್ಲಿ ತಿಳಿಯಬೇಕಾದ್ದು ಏನಾದರೂ ಇದೆಯೇ? ಈ ದಿನ ನಾವು ಇದನ್ನೇ ಸ್ವಲ್ಪ ವಿಚಾರ ಮಾಡೋಣ.

ಹೊರದೇಶಗಳಲ್ಲಿ ಈ ಚರ್ಚೆ ಹೆಚ್ಚಾಗಿ ನಡೆಯುವುದು ಸ್ಪೋರ್ಟ್ಸ್ ಕಾರುಗಳ ಬಗ್ಗೆ. ಜರ್ಮನಿಯ ಪೋರ್ಷೆ ಸಂಸ್ಥೆ '911' ಎಂಬ ಕಾರನ್ನು 1964ರಿಂದ ತಯಾರಿಸುತ್ತಾ ಬಂದಿದೆ. 1998ರವರೆಗೂ ಅದರ ಎಂಜಿನ್ನನ್ನು ತಂಪಾಗಿಡುತ್ತಿದ್ದದ್ದು ಗಾಳಿ. ಆಮೇಲೆ ನೀರು ಬಂತು. ಹೊಸದು ಹಳೆಯದಕ್ಕಿಂತ ವೇಗದ್ದು, ಸುರಕ್ಷಿತವಾದದ್ದು, ಕಡಿಮೆ ಹೊಗೆಯದು. ಆದರೂ ಗಾಳಿಯಿಂದ ತಂಪಾಗುವ ಹಳೆಯದೇ ಬೇಕೆಂದು ಹಟ ಹಿಡಿಯುವವರು ಇಂದಿಗೂ ಇದ್ದಾರೆ. ಅವರ ವಾದದಲ್ಲಿ ತೂಕ ಎಂಬುದೊಂದು ಮುಖ್ಯ ಅಂಶ. ಮೊದಲಿನ 911 ಒಂದು ಟನ್ನಿಗೆ ಕೊಂಚ ಹೆಚ್ಚು ತೂಗುತ್ತಿತ್ತು. ಇಂದಿನದು ಸುಮಾರು ಒಂದೂವರೆ ಟನ್. ಅಪಘಾತದಲ್ಲಿ ಜೀವ ಉಳಿಸುವ ಉಕ್ಕಿನ ಚೌಕಟ್ಟು, ಗಾಳಿಚೀಲ, ಹತ್ತಾರು ಮೋಟಾರು, ಮಾರುಗಟ್ಟಲೆ ತಂತಿ ಇವೆಲ್ಲ ಸೇರಿ ಈ ಭಾರ ಬಂದಿದೆ. ಹಗುರವಾದ ಗಾಡಿಯಲ್ಲಿ ರಸ್ತೆಯ ಉಬ್ಬುತಗ್ಗು ಕೈಗೇ ತಿಳಿಯುತ್ತದೆ. ಭಾರದ ಗಾಡಿಯಲ್ಲಿ ಅದು ನಡುದಾರಿಯಲ್ಲೇ ಇಂಗಿಹೋಗುತ್ತದೆ ಎನ್ನುತ್ತಾರೆ ಅವರು.

ಶಿವಮೊಗ್ಗೆಯ ಗಾಂಧಿ ಬಜಾರಿನ ಸಂದಣಿಯಲ್ಲಿ ಸ್ಪೋರ್ಟ್ಸ್ ಕಾರು ನುಗ್ಗುವುದಾದರೂ ಹೇಗೆ! ನಮ್ಮ ಕಡೆಯ ಸ್ಪೋರ್ಟ್ಸ್ ಕಾರಿಗೆ ಎರಡೇ ಚಕ್ರ. ಅದರ ಹೆಸರು ಜಾವಾ, ಯೆಜ್ಡಿ. ಸ್ವಲ್ಪ ಈಚಿನವರಿಗೆ ಆರ್‌ಎಕ್ಸ್ 100. ನಿಮ್ಮಲ್ಲಿ ಹಲವರ ಮನೆಯ ಕೊಟ್ಟಿಗೆಯಲ್ಲೋ ಮೆಟ್ಟಿಲ ಕೆಳಗೋ ಅಜ್ಜನದೋ ಮಾವನದೋ ಇಂಥದೊಂದು ಗೋಣಿಚೀಲ ಹೊದ್ದುಕೊಂಡು ನಿಂತಿರಬಹುದು. ಆದ್ದರಿಂದ ಇದು ನಿಮಗೆ ದೂರದ ವಿಷಯವೇನಲ್ಲ.

ಯೆಜ್ಡಿಯ ಕಥೆ ನಮ್ಮ ನಾಡಿನದೇ. 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಮೋಟಾರ್‌ಸೈಕಲ್ಲಿನ ವಿನ್ಯಾಸವನ್ನು ಕೊಂಡುಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ 'ಜಾವಾ' ಎಂದು ಕರೆದ. ಇರಾನಿ ಮನೆತನದವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಸಂಸ್ಥೆ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರಾಯಿತು. ಇರಾನಿನ ಯಜ್ದ್ ಪಟ್ಟಣವನ್ನು ನೆನಪಿಸುವ ಹೆಸರು ಇದು. 1978ರ ಸುಮಾರಿಗೆ ಬಂದ ರೋಡ್‌ಕಿಂಗ್ ಮಾದರಿ ಅಂದಿನ ತರುಣರ ಕನಸಾಗಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಪೆಟ್ರೋಲು ಕಡಿಮೆ ಕುಡಿಯುವ, ಜಪಾನೀ ತಂತ್ರಜ್ಞಾನದ ಚಿಕ್ಕ ಬೈಕುಗಳು ಬಂದಿದ್ದವು; ಹೊಗೆಯ ನಿಯಮಗಳೂ ಬಿಗಿಯಾಗುತ್ತಿದ್ದವು. 1985ರಲ್ಲಿ ಬಂದಿದ್ದ ಆರ್‌ಎಕ್ಸ್ 100 ಕೂಡ ಅದೇ 1996ರಲ್ಲಿ ನಿಂತಿತು. 98 ಸಿ.ಸಿ. ಎಂಜಿನ್, 11 ಅಶ್ವಶಕ್ತಿ, ನೂರು ಕಿಲೋ ಆಸುಪಾಸಿನ ಮೈ. ಕಿರಿದಾದರೂ ಬಾಣದಂಥ ಗಾಡಿ.

ಈಗ ಎಂಜಿನ್ನಿನ ಒಳಗೆ ಇಣುಕಿ ನೋಡೋಣ. ಹಳೆಯದರ ಮೋಹದ ಅರ್ಧ ಗುಟ್ಟು ಅಲ್ಲಿದೆ.

ಇವೆರಡೂ ಟೂ ಸ್ಟ್ರೋಕ್ ಎಂಜಿನ್‌ಗಳು. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಬರುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಒಮ್ಮೆ ಇಂಧನ ಉರಿಯುತ್ತದೆ. ಎರಡು ಹೊಡೆತದ್ದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಇದರಲ್ಲಿ ವಾಲ್ವುಗಳ ಗೊಡವೆ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತಾ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಹಾಗಾಗಿ ಒಳಗೆ ಮುಖ್ಯವಾಗಿ ಚಲಿಸುವ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಗಾಡಿ ಚಿಮ್ಮುವುದು ಇದೇ ಕಾರಣಕ್ಕೆ. ಕೈಗೂ ಚಕ್ರಕ್ಕೂ ನಡುವೆ ಬರೀ ಒಂದು ಕೇಬಲ್ಲು, ಒಂದು ಕಾರ್ಬುರೇಟರು.

ಯೆಜ್ಡಿಯಲ್ಲಿ ಇನ್ನೊಂದು ತಮಾಷೆ ಇದೆ. ಅದರ ಕಿಕ್ಕರ್ ಮತ್ತು ಗೇರಿನ ಸನ್ನೆ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಎಂಜಿನ್ ಶುರುವಾದ ಮೇಲೆ ಮರಳಿ ಇಳಿಸಿದರೆ ಗೇರು. ಗೊತ್ತಿಲ್ಲದವನು ಗಾಡಿ ಕದಿಯಲು ಬಂದರೆ ಕಿಕ್ಕರ್ ಹುಡುಕುವುದರಲ್ಲೇ ಬೆಳಗಾಗಬೇಕು!

ಹೊಸ ಬೈಕು ನಿಂತುಹೋದರೆ ನಾವು ಏನು ಮಾಡುತ್ತೇವೆ? ಕಂಪನಿಯ ಸರ್ವೀಸ್ ಕೇಂದ್ರಕ್ಕೆ ಫೋನು. ಅಲ್ಲಿ ಕಂಪ್ಯೂಟರಿಗೆ ತಂತಿ ಜೋಡಿಸಿ ದೋಷದ ಸಂಕೇತ ಓದಿ, ಭಾಗವನ್ನೇ ಬದಲಿಸುತ್ತಾರೆ. ಹಳೆಯದು ನಿಂತರೆ ಎರಡೇ ಪ್ರಶ್ನೆ: ಪೆಟ್ರೋಲು ಬರುತ್ತಿದೆಯೇ, ಕಿಡಿ ಬರುತ್ತಿದೆಯೇ? ಪ್ಲಗ್ ಬಿಚ್ಚಿ ನೋಡಿದರೆ ಅದರ ಬಣ್ಣವೇ ಅರ್ಧ ಉತ್ತರ ಹೇಳುತ್ತದೆ. ಕಪ್ಪು ಮಸಿ ಹಿಡಿದು ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ; ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದೆ ಎಂಜಿನ್ ಬಿಸಿಯಾಗುತ್ತಿದೆ; ಕಂದು ಬಣ್ಣವಿದ್ದರೆ ಆರೋಗ್ಯ. ಕಿಡಿ ಇಲ್ಲವೆಂದರೆ ಪಾಯಿಂಟ್ ನೋಡಬೇಕು. ಎರಡು ಲೋಹದ ತುದಿಗಳ ನಡುವೆ ಸುಮಾರು 0.4 ಮಿಲಿಮೀಟರ್ ಅಂತರ, ಅಷ್ಟೇ. ಆಷಾಢದ ಮಳೆಯಲ್ಲಿ ಅಲ್ಲಿ ತೇವ ಸೇರಿದರೆ ಮಲೆನಾಡಿನ ಸವಾರ ಒಣಬಟ್ಟೆಯಲ್ಲಿ ಒರೆಸಿ, ಊದಿ, ಮತ್ತೆ ಹೊರಡುತ್ತಿದ್ದ. ಹಳೆಯ ಗಾಡಿ ಕೆಡುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಹೊಸದಕ್ಕಿಂತ ಹೆಚ್ಚೇ ಕೆಡುತ್ತದೆ. ಆದರೆ ಕೆಟ್ಟದ್ದು ಏನು ಎಂಬುದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಈ ಮಾತಿಗೂ ಭದ್ರಾವತಿಗೂ ಸಂಬಂಧವಿದೆ. ಕ್ರ್ಯಾಂಕಿಗೂ ಗೇರಿನ ಹಲ್ಲಿಗೂ ಸಾಮಾನ್ಯ ಕಬ್ಬಿಣ ಸಾಲದು. ಹೊರಮೈ ಸವೆಯದಷ್ಟು ಗಟ್ಟಿಯಾಗಿರಬೇಕು, ಒಳಗೆ ಹೊಡೆತಕ್ಕೆ ಮುರಿಯದಷ್ಟು ಜಿಗುಟಾಗಿರಬೇಕು. ಕ್ರೋಮಿಯಂ, ನಿಕಲ್‌ಗಳನ್ನು ಬೆರೆಸಿ, ಹದವಾಗಿ ಕಾಯಿಸಿ ತಣಿಸಿದ ಮಿಶ್ರಲೋಹದ ಉಕ್ಕು ಬೇಕು. 1923ರಲ್ಲಿ ಕಬ್ಬಿಣ ತಯಾರಿಸಲು ತೊಡಗಿದ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಭದ್ರಾವತಿಯ ಕಾರ್ಖಾನೆ ಹೆಸರಾದದ್ದು ಇಂಥ ವಿಶೇಷ ಉಕ್ಕಿಗೇ. ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯಲ್ಲಿ ಎರಕದ ಕಾರ್ಖಾನೆಗಳಿವೆ. ಲೋಹವನ್ನು ಮುಟ್ಟಿ ಗುಣ ಹೇಳುವ ಕೈಗಳು ಈ ಸೀಮೆಯಲ್ಲಿ ಮೂರು ತಲೆಮಾರಿನಿಂದ ಇವೆ. ಕಂಪನಿ ಮುಚ್ಚಿ ಎಷ್ಟೋ ವರ್ಷವಾದ ಗಾಡಿಯೊಂದು ಇನ್ನೂ ರಸ್ತೆಯಲ್ಲಿ ಓಡುವುದು ಲೇತು ಹಿಡಿದು ಬುಷ್ ಕಡೆದುಕೊಡುವ ಇಂಥ ಕೈಗಳಿಂದ. ಭದ್ರಾವತಿಯ ಆ ಕಾರ್ಖಾನೆಯನ್ನೇ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಧರಣಿ ಕೂತರು. ಹಳೆಯದೆಂದರೆ ಸುಮ್ಮನೆ ಗುಜರಿಗೆ ಹಾಕುವುದಲ್ಲ ಎಂಬ ಮಾತು ಆ ಊರಿನಲ್ಲಿ ಗಾಡಿಯ ಷೋಕಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅದು ಅನ್ನದ ಪ್ರಶ್ನೆಯೂ ಹೌದು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕಲ್ಲ. ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯವಾದದ್ದು.

ಮೊದಲು ಬ್ರೇಕು. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ನೀವು ಓದಿದ್ದೀರಿ. ಗಂಟೆಗೆ 40 ಕಿಲೋಮೀಟರ್ ಹೋಗುವವನು 60ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟು; ಬ್ರೇಕು ನುಂಗಬೇಕಾದ ಶಕ್ತಿ ಮಾತ್ರ ಎರಡೂಕಾಲು ಪಟ್ಟು. 60ರಲ್ಲಿ ಒಂದು ಸೆಕೆಂಡು ಯೋಚಿಸುವುದರೊಳಗೆ ಗಾಡಿ 16 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಹಳೆಯ ಯೆಜ್ಡಿಯ ಬ್ರೇಕು ಡ್ರಮ್ಮಿನದು. ಅದರೊಳಗೆ ನೀರು ಹೊಕ್ಕರೆ ಹಿಡಿತ ತಪ್ಪುತ್ತದೆ, ಕಾದರೂ ತಪ್ಪುತ್ತದೆ. ಇಂದಿನ ಹೊಸ ಬೈಕುಗಳಲ್ಲಿ, 125 ಸಿ.ಸಿ.ಗಿಂತ ದೊಡ್ಡವಾದರೆ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. 2019ರಿಂದ ಕಡ್ಡಾಯ. ಮಳೆ ಸುರಿಯುವ ಇಳಿಸಂಜೆಯಲ್ಲಿ ಲಾರಿಗಳ ನಡುವೆ ಭದ್ರಾವತಿಯಿಂದ ಶಿವಮೊಗ್ಗೆಗೆ ಬರುವ ಹುಡುಗನಿಗೆ ಇದು ಷೋಕಿಯ ವಸ್ತುವಲ್ಲ, ಪ್ರಾಣದ ವಿಷಯ. ಹಳೆಯ ಗಾಡಿಯ ಮಂದ ದೀಪವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನು ಘಾಟಿ. ತೀರ್ಥಹಳ್ಳಿ ದಾಟಿ ಆಗುಂಬೆಯ 14 ತಿರುವುಗಳನ್ನು ಇಳಿಯಬೇಕೆಂದು ಎಲ್ಲ ಸವಾರರಿಗೂ ಆಸೆ. ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ತಡೆದು ಹಿಡಿಯುವುದು ಕಡಿಮೆ. ಎಲ್ಲ ಭಾರವೂ ಬ್ರೇಕಿನ ಮೇಲೆಯೇ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಇಂಥ ಹಳೆಯ ಗಾಡಿಗಳಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕುತ್ತಾರೆ, ಲೀಟರಿಗೆ 40ರಿಂದ 50 ಮಿಲಿಲೀಟರ್. ಪೆಟ್ರೋಲು ಹೋದರೆ ಮಾತ್ರ ಎಣ್ಣೆ ಹೋಗುತ್ತದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಉದ್ದಕ್ಕೂ ಇಳಿದರೆ ಪಿಸ್ಟನ್ ವೇಗವಾಗಿ ಓಡುತ್ತಿರುತ್ತದೆ, ಎಣ್ಣೆ ಮಾತ್ರ ಇರುವುದಿಲ್ಲ. ಆಗ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಚಕ್ರವೇ ನಿಂತುಬಿಡಬಹುದು. ಅದಕ್ಕೇ ಹಳೆಯ ಸವಾರರು ಇಳಿಜಾರಿನಲ್ಲಿ ಆಗಾಗ ಒಂದಿಷ್ಟು ಆಕ್ಸಿಲರೇಟರ್ ಕೊಡುತ್ತಿದ್ದರು. ಸ್ವೀಡನ್ನಿನ ಸಾಬ್ ಸಂಸ್ಥೆ ತನ್ನ ಟೂ ಸ್ಟ್ರೋಕ್ ಕಾರುಗಳಲ್ಲಿ ಇಳಿಜಾರಿನಲ್ಲಿ ಚಕ್ರ ತಾನೇ ಬಿಡಿಯಾಗಿ ಉರುಳುವ ಏರ್ಪಾಟನ್ನು ಇಟ್ಟಿದ್ದೂ ಇದೇ ಕಾರಣಕ್ಕೆ. ಹಳೆಯ ಗಾಡಿ ಬೇಕೆನ್ನುವವನಿಗೆ ಇಂಥ ತಿಳಿವಳಿಕೆಯೂ ಬೇಕು. ಬರೀ ಸೈಲೆನ್ಸರಿನ ಸದ್ದು ಸಾಲದು. ಒಳಗಿನ ತಡೆಗಳನ್ನು ಕಿತ್ತು ಊರೆಲ್ಲ ಕಿವಿ ಮುಚ್ಚಿಕೊಳ್ಳುವಂತೆ ಓಡಿಸುವವರ ಬಗ್ಗೆ ನನಗೆ ಒಂದಿಷ್ಟೂ ಮರುಕವಿಲ್ಲ.

ಹೊಗೆಯ ಮಾತಂತೂ ಮುಚ್ಚಿಡುವಂಥದ್ದಲ್ಲ. ಟೂ ಸ್ಟ್ರೋಕಿನಲ್ಲಿ ಹೊಸ ಇಂಧನ ಒಳಬರುವಾಗ ಹೊರಗಿನ ಕಿಂಡಿಯೂ ತೆರೆದೇ ಇರುತ್ತದೆ. ಒಂದು ಪಾಲು ಉರಿಯದೆಯೇ ಹೊರಗೆ ಹೋಗುತ್ತದೆ. ಜೊತೆಗೆ ಎಣ್ಣೆಯೂ ಸುಟ್ಟು ನೀಲಿ ಹೊಗೆ. 2020ರಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ನಿಯಮಗಳ ಎದುರು ಇದು ನಿಲ್ಲುವುದಿಲ್ಲ. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ಅದು ನೀರಿನಿಂದ ತಂಪಾಗುವ, ನಾಲ್ಕು ಹೊಡೆತದ 293 ಸಿ.ಸಿ. ಎಂಜಿನ್ನಿನೊಂದಿಗೆ ಬಂತು, ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಹಳಬರು ಮೂಗು ಮುರಿದರು. ಆದರೆ ದಿನಾ ಓಡಾಡಲು ಅದೇ ಒಳ್ಳೆಯ ಗಾಡಿ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಾಗಾದರೆ ಕೊಟ್ಟಿಗೆಯಲ್ಲಿರುವ ಮಾವನ ಯೆಜ್ಡಿಯನ್ನು ಏನು ಮಾಡುವುದು ಎಂದು ಕೇಳುತ್ತೀರಿ. ಗುಜರಿಗೆ ಹಾಕಬೇಡಿ. ದಿನಾ ಕಾಲೇಜಿಗೂ ಒಯ್ಯಬೇಡಿ. ಅದಕ್ಕೆ ಬಸ್ಸಿದೆ, ರೈಲಿದೆ. ರಜೆಯಲ್ಲಿ ಅದನ್ನು ಬಿಚ್ಚಿ, ಜೋಡಿಸಿ. ಒಂದು ಎಂಜಿನ್ನನ್ನು ನಿಮ್ಮ ಕೈಯಾರೆ ಬಿಚ್ಚಿದರೆ ಪುಸ್ತಕದ ಆ ಅಧ್ಯಾಯವನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ. ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಸದ್ದು ಕೇಳಿಯೇ ಬೇರಿಂಗ್ ಸವೆದಿದೆ ಎನ್ನುತ್ತಾರೆ; ಆ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ, ಅವರ ನಂತರ ಉಳಿಯುವ ಭರವಸೆಯೂ ಇಲ್ಲ. ಹದಿನೆಂಟು ತುಂಬಿ ಲೈಸೆನ್ಸ್ ಬಂದ ಮೇಲೆ, ಮಳೆ ಇಲ್ಲದ ಭಾನುವಾರ ಬೆಳಿಗ್ಗೆ, ಹೆಲ್ಮೆಟ್ ಹಾಕಿಕೊಂಡು ತುಂಗಭದ್ರಾ ಸಂಗಮದ ಕೂಡಲಿಯವರೆಗೆ ನಿಧಾನವಾಗಿ ಹೋಗಿ ಬನ್ನಿ.

ಶುರು ಮಾಡುವ ಮೊದಲು ಟ್ಯಾಂಕಿನಲ್ಲಿ ಉಳಿದಿರುವ ಹಳೆಯ ಪೆಟ್ರೋಲನ್ನು ಬಸಿದು, ತುಕ್ಕು ತೊಳೆಯಿರಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನೂ ತಿನ್ನುತ್ತದೆ. ಆದ್ದರಿಂದ ಪೆಟ್ರೋಲು ಪೈಪು, ವಾಷರುಗಳನ್ನು ಹೊಸದಾಗಿ ಹಾಕಿಸಿ. ಮಳೆಗಾಲವಿಡೀ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿಡಿ. ಬ್ರೇಕಿನ ಲೈನರು, ಕೇಬಲ್ಲು, ಟೈರು ಇವನ್ನು ಎಂಜಿನ್ನಿಗಿಂತ ಮೊದಲು ಸರಿಪಡಿಸಿ, ಬಣ್ಣ ಕಡೆಯಲ್ಲಿರಲಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 50 ವರ್ಷ ದಾಟಿದ ಗಾಡಿಯಾದರೆ 2021ರ ನಿಯಮದಂತೆ ವಿಂಟೇಜ್ ಎಂದು ಬೇರೆಯೇ ನೋಂದಣಿ ಮಾಡಿಸಬಹುದು, ಆದರೆ ಹಾಗೆ ಮಾಡಿಸಿದ ಮೇಲೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇದಕ್ಕೆಲ್ಲ ಮೂಲ ಕಾಗದ ಬೇಕೇ ಬೇಕು. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು, ಗಾಡಿಯ ಆರ್.ಸಿ. ಪುಸ್ತಕ ಯಾವ ಪೆಟ್ಟಿಗೆಯಲ್ಲಿದೆ ಎಂದು ಮಾವನನ್ನೊಮ್ಮೆ ಕೇಳಿ.