ಸೋತು ಕಲಿತ ಆಟ

ಹವ್ಯಾಸದ ಬಗ್ಗೆ ಮಾತಾಡು ಎಂದಿರಿ. ಹಾಡು, ರಂಗೋಲಿ ನನಗೆ ಬರದು. ನನ್ನದು 'ಡ್ವಾರ್ಫ್ ಫೋರ್ಟ್ರೆಸ್' ಎಂಬ ಕಂಪ್ಯೂಟರ್ ಆಟ. ಅಮೆರಿಕದ ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಸಹೋದರರು 2006ರಲ್ಲಿ ಬಿಡುಗಡೆ ಮಾಡಿದ್ದು. ಚಿತ್ರಗಳಿರುವ ಆವೃತ್ತಿ 2022ರಲ್ಲಿ ಬಂತು. ನಾನು ಕಲಿತದ್ದು ಹಳೆಯದನ್ನು. ಪರದೆ ತುಂಬ ಬರೀ ಅಕ್ಷರ: 'ಸಿ' ಎಂದರೆ ಬೆಕ್ಕು, 'ಡಿ' ಎಂದರೆ ನಾಯಿ. ಏಳು ಕುಳ್ಳರನ್ನು ಕೊಟ್ಟು, ಊರು ಕಟ್ಟು ಎನ್ನುತ್ತದೆ.

ಎಂ.ಟೆಕ್. ಓದಿದ್ದೇನೆ, ಇದೇನು ಮಹಾ ಎಂದುಕೊಂಡೆ. ಕೋಣೆ, ಊಟದ ಮನೆ ಎಲ್ಲ ಕೊರೆಸಿದೆ. ಚಳಿಗಾಲಕ್ಕೆ ಹೊಳೆ ಹೆಪ್ಪುಗಟ್ಟಿತು, ಪೀಪಾಯಿಗಳು ಬರಿದಾದವು. ಎಲ್ಲರೂ ಬಾಯಾರಿ ಸತ್ತರು. ವಸಂತ್ ಕುಂಜ್‌ನಲ್ಲಿ ಬೇಸಿಗೆಯಿಡೀ ಟ್ಯಾಂಕರ್ ಕಾಯುವವಳು ನಾನು. ಅಮ್ಮ ಊರಿಂದ ಫೋನ್ ಮಾಡಿದರೆ ಮೊದಲು ಕೇಳುವುದೇ "ನೀರು ಬಂತೇನೇ?" ಎಂದು. ಅಂಥ ನಾನೇ ನೀರು ಮರೆತಿದ್ದೆ!

ಎರಡನೇ ಸಲ ಮೊದಲು ತೋಡಿಸಿದ್ದು ನೆಲದಡಿಯ ತೊಟ್ಟಿ, ಅದರ ಮೇಲೊಂದು ಬಾವಿ. ಆ ಊರು ಚಳಿಗಾಲ ದಾಟಿತು. ಆಮೇಲೆ ಬೇರೆ ಕಾರಣಕ್ಕೆ ಹಾಳಾಯಿತು, ಬಿಡಿ.

ಇಲ್ಲಿ ಕೊನೆಯ ಗೆಲುವು ಎಂಬುದೇ ಇಲ್ಲ. ಸೋಲುವುದೇ ಮೋಜು ಎನ್ನುತ್ತಾರೆ ಆಡುವವರು. ಮೊದಲೆಲ್ಲ ಆಫೀಸಿನಲ್ಲಿ ತಪ್ಪಾದರೆ ಮುಚ್ಚಿಟ್ಟು, ರಾತ್ರಿಯಿಡೀ ನಿದ್ದೆಗೆಡುತ್ತಿದ್ದೆ. ಈಗ ಏನು ಮರೆತೆ ಎಂದು ಬರೆದು, ಬೆಳಿಗ್ಗೆ ತಂಡಕ್ಕೆ ಹೇಳುತ್ತೇನೆ. ನಿದ್ದೆ ಬರುತ್ತದೆ.