ಮುರುಕು ಮಾತಿಗೂ ಮರ್ಯಾದೆ

 

ಕಳೆದ ಮಾರ್ಚ್ ತಿಂಗಳು ನಾನು ಐರ್ಲೆಂಡಿನಲ್ಲಿ ಮಗನ ಮನೆಯಲ್ಲಿದ್ದೆ. ಅಲ್ಲಿ ಶಾಲಾಮಕ್ಕಳ ಒಂದು ಭಾಷಾ ಹಬ್ಬ ನೋಡಿದೆ. ಮೂವತ್ತು ವರ್ಷ ಕನ್ನಡ ಕಲಿಸಿದ ಈ ಮಾಸ್ತರನಿಗೆ ಆ ಹಬ್ಬ ಒಂದು ಪಾಠ ಕಲಿಸಿತು. ಅದನ್ನೇ ಇಂದು ನಿಮ್ಮ ಮುಂದೆ ಹೇಳುತ್ತೇನೆ.

ಐರ್ಲೆಂಡಿನವರ ಮಾತು ಇಂಗ್ಲಿಷ್ ಎಂದೇ ನಾನು ತಿಳಿದಿದ್ದೆ. ಅವರಿಗೆ ಐರಿಷ್ ಎಂಬ ಸ್ವಂತ ಭಾಷೆಯಿದೆ. 1937ರ ಸಂವಿಧಾನದ ಪ್ರಕಾರ ಅದೇ ಮೊದಲ ಅಧಿಕೃತ ಭಾಷೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬಹುಪಾಲು ಮನೆಗಳಿಂದ ಮರೆಯಾಯಿತು. 1845ರಲ್ಲಿ ಆರಂಭವಾದ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಐರಿಷ್ ಆಡುವ ಬಡವರಿಗೇ ಆ ಪೆಟ್ಟು ಜೋರಾಗಿ ಬಿತ್ತು. ಶಾಲೆಗಳಲ್ಲಿ ಇಂಗ್ಲಿಷ್ ಪಾಠ. ಎಷ್ಟೋ ಊರುಗಳಲ್ಲಿ ಮಗುವಿನ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಮಗು ಐರಿಷ್ ಆಡಿದಾಗಲೆಲ್ಲ ಅದರ ಮೇಲೊಂದು ಗೀರು. ಆಮೇಲೆ ಗೀರು ಎಣಿಸಿ ಏಟು. ಆ ಗೀರು ಹಾಕಿದವರಲ್ಲಿ ಹೆತ್ತವರೂ ಇದ್ದರು. ಅವರೇನು ಕೆಟ್ಟವರಲ್ಲ. ಇಂಗ್ಲಿಷ್ ಬಂದರೆ ಮಗು ಅಮೆರಿಕಕ್ಕೆ ಹೋಗಿಯಾದರೂ ಬದುಕೀತು ಎಂಬ ಆಸೆ ಅವರದು.

ಈ ಭಾಷೆಯನ್ನು ಉಳಿಸಲು 1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಲೀಗ್ ಎಂಬ ಸಂಘ ಕಟ್ಟಿದರು. ಹೈಡ್ ಮುಂದೆ ಆ ದೇಶದ ಮೊದಲ ರಾಷ್ಟ್ರಪತಿಯಾದರು. ಆ ಸಂಘವೇ 1902ರಲ್ಲಿ ಐರಿಷ್ ವಾರ ಆರಂಭಿಸಿತು. ಹೆಸರಿಗೆ ವಾರವಾದರೂ ಈಗ ಅದು ಮಾರ್ಚ್ 1ರಿಂದ 17ರ ತನಕ, ಸಂತ ಪ್ಯಾಟ್ರಿಕ್ ಹಬ್ಬದವರೆಗೆ ನಡೆಯುತ್ತದೆ.

ಅಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಐರಿಷ್ ಕಲಿಸುತ್ತಾರೆ. ಹೀಗಾಗಿ ಎಂಟು ವರ್ಷದ ನನ್ನ ಮೊಮ್ಮಗಳೂ ಕಲಿಯುತ್ತಿದ್ದಾಳೆ. ಊರಿನ ಸಭಾಭವನದಲ್ಲಿ ಮಕ್ಕಳು ಹಾಡಿದರು, ಕುಣಿದರು, ಕೊಳಲು ಊದಿದರು. ತಾಯಂದಿರು ತಿಂಡಿ ತಂದಿದ್ದರು. ಕುರ್ಚಿ ಜೋಡಿಸಿದವರು ಊರಿನ ಜನರೇ. ಮೊಮ್ಮಗಳು ವೇದಿಕೆಗೆ ಬಂದು ಐರಿಷ್‌ನಲ್ಲಿ ನಮಸ್ಕಾರ ಹೇಳಿದಳು. ಅವರ ನಮಸ್ಕಾರದ ಅರ್ಥ 'ದೇವರು ನಿನ್ನ ಜೊತೆಗಿರಲಿ' ಎಂದು. ನಾಲ್ಕು ಸಾಲು ಹೇಳುವಷ್ಟರಲ್ಲಿ ಮರೆತಳು. ಮಧ್ಯೆ ಇಂಗ್ಲಿಷ್ ಮಾತು ಸೇರಿಸಿ ಹೇಗೋ ಮುಗಿಸಿದಳು. ಯಾರೂ ನಗಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

"ತಪ್ಪು ತಿದ್ದಲಿಲ್ಲವೇಕೆ?" ಎಂದು ಅಲ್ಲಿನ ಶಿಕ್ಷಕಿಯನ್ನು ಕೇಳಿದೆ. ಅವರು ತಮ್ಮ ನಾಡಿನ ಗಾದೆ ಹೇಳಿದರು: ಜಾಣ ಇಂಗ್ಲಿಷಿಗಿಂತ ಮುರುಕು ಐರಿಷ್ ಮೇಲು.

ಆ ಗಾದೆಯ ಹಿಂದೆ ನೋವಿದೆ. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನಾಲೂ ಆಡುವವರು ಸುಮಾರು 72 ಸಾವಿರ ಮಾತ್ರ. ಅಂದರೆ ಕಲಿತವರು ಬಹಳ, ಆಡುವವರು ಕಡಿಮೆ. ಹದಿನೇಳು ದಿನದ ಹಬ್ಬ ಇದನ್ನೆಲ್ಲ ಸರಿಪಡಿಸಲಾರದು. ಆದರೆ ತಪ್ಪಿಗೆ ಅಂಜದೆ ಬಾಯಿ ಬಿಡಲು ಅದು ಮಗುವಿಗೆ ಒಂದು ಜಾಗ ಕೊಡುತ್ತದೆ.

ಮನೆಗೆ ಬರುವಾಗ ಮೊಮ್ಮಗಳನ್ನು ಕನ್ನಡದಲ್ಲಿ ಮಾತಾಡಿಸಿದೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರಿಸಿದಳು. "ನನ್ನ ಜೊತೆ ಯಾಕೆ ಕನ್ನಡ ಆಡೋದಿಲ್ಲವ್ವ?" ಎಂದೆ. ಅವಳು ಇಂಗ್ಲಿಷಿನಲ್ಲಿ ಕೊಟ್ಟ ಉತ್ತರ ಇದು: "ತಪ್ಪಾದರೆ ನೀವು ನಗ್ತೀರಿ ಅಜ್ಜಾ."

ನಿಜ. ಫೋನಿನಲ್ಲಿ ಅವಳು 'ಅಜ್ಜಿ ಬಂದನು' ಎಂದಾಗ ನಾನು ನಕ್ಕಿದ್ದೆ. ಬೀಗರಿಗೆಲ್ಲ ಹೇಳಿ ಅವರನ್ನೂ ನಗಿಸಿದ್ದೆ. ಪ್ರೀತಿಯಿಂದಲೇ ನಕ್ಕಿದ್ದೆ. ಆದರೆ ಆ ಕೋಲು ಕಟ್ಟಿದ ಹೆತ್ತವರೂ ಪ್ರೀತಿಯಿಂದಲೇ ಕಟ್ಟಿದ್ದರಲ್ಲವೇ?

ದುಡಿಯುವ ಜನರ ಆಡುಮಾತಿಗೆ ಮರ್ಯಾದೆ ತಂದ ಶರಣರ ಮಕ್ಕಳು ನಾವು. ಮಗುವಿನ ಮಾತಿಗೆ ನಗಬಹುದೇ? ನಿಮ್ಮ ಮೊಮ್ಮಕ್ಕಳು ಪರದೇಶದಲ್ಲಿರಬಹುದು, ಬೆಂಗಳೂರಿನಲ್ಲೇ ಇರಬಹುದು. ಅವರು ಮುರುಕು ಕನ್ನಡ ಆಡಿದಾಗ ನಗಬೇಡಿ, ತಕ್ಷಣ ತಿದ್ದಲೂ ಹೋಗಬೇಡಿ. ಅದೇ ಮಾತನ್ನು ನೀವು ಸರಿಯಾಗಿ ಆಡುತ್ತಾ ಮಾತು ಮುಂದುವರಿಸಿ. ನಾನೀಗ ಪ್ರತಿ ಭಾನುವಾರ ಹಾಗೆಯೇ ಮಾಡುತ್ತಿದ್ದೇನೆ. ಮೊನ್ನೆ ಅವಳು ಕನ್ನಡದಲ್ಲಿ ನಾಲ್ಕು ಮಾತು ಆಡಿದಳು. ಮೂರು ತಪ್ಪಿದ್ದವು. ನಾನು ನಗಲಿಲ್ಲ.