ಪಾಠವೂ ಪುರಾಣವೂ

(ಶ್ರೀಮಠದ ಸುವರ್ಣಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ಎರಡು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ ನಾನು ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತು ಮಾತನಾಡುವುದೆಂದು ತಿಳಿದು ಗ್ರಂಥಗಳನ್ನು ತೆಗೆದಿರಿಸಿದ್ದೆನು. ಆದರೆ ಶ್ರೀಗಳವರು, “ಹಗಲು ಕಾಲೇಜಿನಲ್ಲಿ ಪಾಠ ಹೇಳುತ್ತೀರಿ, ರಾತ್ರಿ ಊರೂರ ಮಠಗಳಲ್ಲಿ ಪುರಾಣ ಹೇಳುತ್ತೀರಿ, ಇವೆರಡನ್ನೂ ಹೇಗೆ ನಡೆಸಿಕೊಂಡು ಹೋಗುತ್ತೀರಿ ಎಂಬುದನ್ನೇ ಹೇಳಿರಿ” ಎಂದು ನುಡಿದರು. ಗುರುವಾಕ್ಯವನ್ನು ಮೀರುವಂತಿಲ್ಲ. ಆದುದರಿಂದ ತೆಗೆದಿರಿಸಿದ ಗ್ರಂಥಗಳನ್ನು ಮರಳಿ ಕಪಾಟಿನಲ್ಲಿಟ್ಟು ಬರಿಗೈಯಲ್ಲಿ ಬಂದಿದ್ದೇನೆ.

ಈ ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ಹೊತ್ತಿನ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುವರು. ಶ್ರಾವಣಮಾಸದ ಮೂವತ್ತು ದಿನವೂ ರಾತ್ರಿ ಎಂಟಕ್ಕೆ ಪುರಾಣವು ಮೊದಲಾಗುವುದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು ಒಂದು ಪದ್ಯವನ್ನು ಹಾಡಿ ನಿಲ್ಲಿಸಿದರೆ ನಾನು ಅದರ ಅರ್ಥವನ್ನು ಬಿಚ್ಚಬೇಕು. ಮಂಗಳಾರತಿಯಾಗಿ ಪ್ರಸಾದವಾಗುವಷ್ಟರಲ್ಲಿ ಹನ್ನೊಂದು ಗಂಟೆ. ಕುಷ್ಟಗಿಯ ಕಡೆಯ ಹಳ್ಳಿಯಾದರೆ ಕೊಪ್ಪಳಕ್ಕೆ ಮರಳಲು ಇನ್ನೂ ಒಂದೂವರೆ ತಾಸು. ಮರುದಿನ ಹತ್ತು ಗಂಟೆಗೆ ಬಿ.ಎ. ತರಗತಿ. ನಿದ್ದೆ ಕಡಿಮೆಯಾಗುವುದು, ಗಂಟಲು ಕಟ್ಟುವುದು, ಮನೆಯವರು ಬೇಸರಪಡುವರು. ಇದು ಕಷ್ಟವೇ ಸರಿ. ಆದರೆ ಹೊಲದಲ್ಲಿ ದಿನವಿಡೀ ದುಡಿದು ಬಂದು ಎದುರಿಗೆ ಕುಳಿತವರ ಮುಂದೆ ಇದನ್ನು ಕಷ್ಟವೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಒಂದು ವೃತ್ತಿಯನ್ನು ಬಿಡದೆ ಧರ್ಮಬೋಧೆಯನ್ನು ಕೈಕೊಂಡವರು ನಮ್ಮ ಸೀಮೆಗೆ ಹೊಸಬರಲ್ಲ. 1931ರಲ್ಲಿ ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಬೆಳಕಿಗೆ ಬಂದ ಅಶೋಕನ ಶಾಸನಗಳು ರಾಜ್ಯವಾಳುತ್ತಲೇ ಬೋಧಿಸಹೊರಟ ಅರಸನವು. ತಾನು ಎರಡೂವರೆ ವರ್ಷ ಉಪಾಸಕನಾಗಿದ್ದರೂ ಮೊದಲು ಹೆಚ್ಚಿನ ಪರಿಶ್ರಮವನ್ನು ಮಾಡಲಿಲ್ಲವೆಂದು ಆತನು ಅದರಲ್ಲಿ ಒಪ್ಪಿಕೊಂಡಿರುವನು. ಬೋಧಿಸುವವನು ತನ್ನ ಕೊರತೆಯನ್ನು ಮೊದಲು ಹೇಳಿಕೊಳ್ಳುವ ಈ ಕ್ರಮವು ನನಗೆ ಬಹಳ ಹಿಡಿಸಿತು. ನಾನೂ ನನ್ನ ಕೊರತೆಯಿಂದಲೇ ಮೊದಲುಮಾಡುವೆನು.

ಕೆಲವು ವರ್ಷಗಳ ಹಿಂದೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಶ್ರಾವಣದ ಪುರಾಣಕ್ಕೆ ಚಾಮರಸನ ಪ್ರಭುಲಿಂಗಲೀಲೆಯನ್ನು ಹಿಡಿದಿದ್ದೆನು. ಇಪ್ಪತ್ತೈದು ಗತಿ, 1111 ಪದ್ಯ. ತಿಂಗಳಿಗೆ ಸರಿಯಾಗಿ ಹೊಂದುವ ಗ್ರಂಥ. ಪಾರ್ವತಿಯ ಕಳೆಯೊಂದು ಬನವಾಸಿಯಲ್ಲಿ ಮಾಯೆಯಾಗಿ ಹುಟ್ಟಿದುದು, ಮದ್ದಳೆ ಬಾರಿಸುವ ಅಲ್ಲಮನನ್ನು ಅವಳು ಮೋಹಿಸಿದುದು, ಆತನು ಅವಳ ಕೈಗೆ ಸಿಕ್ಕದೆ ಹೋದುದು, ಇದೆಲ್ಲವನ್ನೂ ನಿನ್ನೆ ಮೊನ್ನೆ ಕಣ್ಣಾರೆ ಕಂಡವನಂತೆ ಹೇಳಿದೆನು. ಜನರು ತಲೆದೂಗಿದರು. ನನಗೂ ಸಂತೋಷವಾಯಿತು, ಅಭಿಮಾನವೂ ಆಗಿರಬೇಕು.

ಆಮೇಲೆ ಕಾಲೇಜಿನಲ್ಲಿ ಕಿರುಪರೀಕ್ಷೆ ನಡೆಯಿತು. ಅಲ್ಲಮಪ್ರಭುವಿನ ಜೀವನಚರಿತ್ರೆಯನ್ನು ಬರೆಯಿರಿ ಎಂಬುದೊಂದು ಪ್ರಶ್ನೆ. ತರಗತಿಯಲ್ಲಿ ನಾನು ಪಾಠ ಹೇಳಿದ್ದುದು ಹರಿಹರನ ರಗಳೆಯನ್ನು. ಆ ಕವಿಯು ಚಾಮರಸನಿಗಿಂತ ಎರಡು ಶತಮಾನಗಳಷ್ಟು ಹಿಂದಿನವನು, ಶರಣರ ಕಾಲಕ್ಕೆ ಹತ್ತಿರದವನು. ಅವನಲ್ಲಿ ಅಲ್ಲಮನು ಕಮಲತೆಯನ್ನು ಒಲಿದು ಕೂಡಿ ಬಾಳಿದವನು. ಅವಳು ಜ್ವರದಿಂದ ತೀರಿಕೊಳ್ಳಲು ಹುಚ್ಚನಂತೆ ಅಲೆದು, ಒಂದು ತೋಟದಲ್ಲಿ ಕಾಲ್ಬೆರಳಿನಿಂದ ನೆಲವನ್ನು ಕೆದಕುತ್ತ ಕುಳಿತಾಗ ಹೂತುಹೋದ ಗುಡಿಯ ಕಳಸವನ್ನು ಕಂಡು, ಒಳಹೊಕ್ಕು ಅನಿಮಿಷಯ್ಯನ ಕೈಯಿಂದ ಲಿಂಗವನ್ನು ಪಡೆದವನು. ಇಷ್ಟನ್ನೂ ಬಿಟ್ಟು ಒಬ್ಬ ಹುಡುಗನು ಮಾಯೆಯ ಕಥೆಯನ್ನೇ ಚರಿತ್ರೆಯೆಂದು ನಾಲ್ಕು ಪುಟ ಬರೆದಿದ್ದನು. ನಾನು ಕೆಂಪು ಗೆರೆಯೆಳೆದು, “ಇದು ಕಾವ್ಯಕಥೆ, ಚರಿತ್ರೆಯಲ್ಲ” ಎಂದು ಬರೆದು ಹತ್ತಕ್ಕೆ ಮೂರು ಅಂಕ ಕೊಟ್ಟೆನು.

ಹುಡುಗನು ಉತ್ತರಪತ್ರಿಕೆಯನ್ನು ಹಿಡಿದುಕೊಂಡು ನನ್ನ ಕೊಠಡಿಗೆ ಬಂದನು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುವವನಂತಿದ್ದನು. “ಸರ್, ಶ್ರಾವಣದಾಗ ನಮ್ಮೂರಾಗ ಇದನ್ನ ನೀವ ಹೇಳಿದ್ರಿ. ನಮ್ಮವ್ವ ತಿಂಗಳತನಕ ಕೈಮುಗಿದು ಕೇಳಿದ್ಲು. ಆಕಿಗೆ ಎಷ್ಟು ಅಂಕ ಕೊಡ್ತೀರಿ?” ಎಂದನು.

“ಅದು ಬೇರೆ, ಇದು ಬೇರೆ” ಎಂದು ನಾನು ಉತ್ತರಕೊಟ್ಟೆನು. ಬಂಧುಗಳೇ, ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಕಲಿತು, ವಾದದಲ್ಲಿ ಸೋಲಬಾರದೆಂದು ಅಭ್ಯಾಸಮಾಡಿದ ನನ್ನ ಬಾಯಿಂದ ಅದಕ್ಕಿಂತ ದುರ್ಬಲವಾದ ಮಾತು ಎಂದೂ ಹೊರಟಿರಲಿಲ್ಲ. ಹುಡುಗನು ನಮಸ್ಕರಿಸಿ ಹೋದನು. ಆ ಮೂರು ಅಂಕಗಳನ್ನು ನಾನು ತಿದ್ದಲಿಲ್ಲ, ತಿದ್ದತಕ್ಕದ್ದೂ ಅಲ್ಲ. ತಿದ್ದಬೇಕಾದುದು ಬೇರೆ ಕಡೆಯಲ್ಲಿತ್ತು.

ಮನೆಗೆ ಬಂದು ಪ್ರಭುಲಿಂಗಲೀಲೆಯನ್ನು ಮತ್ತೆ ತೆರೆದೆನು. ಮಾಯೆಯ ತಂದೆಯ ಹೆಸರು ಮಮಕಾರ, ತಾಯಿಯ ಹೆಸರು ಮೋಹಿನಿ; ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಯಾವ ಊರಲ್ಲಿ ಮಕ್ಕಳಿಗೆ ಮಮಕಾರನೆಂದು ಹೆಸರಿಡುವರು? ಇದು ಊರ ಕಥೆಯಲ್ಲ, ಒಳಗಿನ ಕಥೆ ಎಂದು ಕವಿಯು ಮೊದಲಿಗೇ ಬೀಗದಕೈಯನ್ನು ನಮ್ಮ ಕೈಗೆ ಕೊಟ್ಟಿರುವನು. ಮೂವತ್ತು ರಾತ್ರಿ ಆ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಯ ಬಾಗಿಲನ್ನು ವರ್ಣಿಸಿದವನು ನಾನು. ಚಾಮರಸನದೇನೂ ತಪ್ಪಿರಲಿಲ್ಲ, ಕೈಮುಗಿದು ಕೇಳಿದ ಆ ತಾಯಿಯದೂ ಇರಲಿಲ್ಲ. ಇನ್ನೊಂದು ಮಾತು: ಹರಿಹರನಾಗಲಿ ಚಾಮರಸನಾಗಲಿ ಪರದೇಶದವರಲ್ಲ. ಇಬ್ಬರೂ ನಮ್ಮ ಗಂಗಾವತಿ ತಾಲೂಕಿನ ಆನೆಗೊಂದಿಯ ಎದುರು ದಂಡೆಯ ಹಂಪೆಯಲ್ಲಿದ್ದು ಹಾಡಿದವರು. ಒಂದೇ ಪಂಪಾಕ್ಷೇತ್ರದಲ್ಲಿ ಎರಡು ಅಲ್ಲಮರು ನಿಂತಿರಲು, ಒಬ್ಬನನ್ನು ಹಗಲಿಗೂ ಇನ್ನೊಬ್ಬನನ್ನು ರಾತ್ರಿಗೂ ಹಂಚಿಕೊಂಡು ಇಬ್ಬರನ್ನೂ ಭೇಟಿಮಾಡಿಸದೆ ನಾನು ವರ್ಷಗಳನ್ನು ಕಳೆದಿದ್ದೆನು.

ಹಾಗಾದರೆ ಮಠವನ್ನು ಕಾಲೇಜನ್ನಾಗಿ ಮಾಡಬೇಕೋ, ಅಥವಾ ಕಾಲೇಜನ್ನು ಮಠವನ್ನಾಗಿಯೋ? ಎರಡೂ ಕೂಡದು. ಮಠದಲ್ಲಿ ಕುಳಿತವರು ತಾವಾಗಿ ಬಂದವರು, ಬೇಸರವಾದರೆ ಎದ್ದುಹೋಗಬಲ್ಲರು. ತರಗತಿಯ ಮಕ್ಕಳಿಗೆ ಆ ಸ್ವಾತಂತ್ರ್ಯವಿಲ್ಲ. ಹಾಜರಿಯ ಪುಸ್ತಕವು ಅವರನ್ನು ಹಿಡಿದು ಕುಳ್ಳಿರಿಸಿದೆ. ಅವರಲ್ಲಿ ಮುಸಲ್ಮಾನರ ಮಕ್ಕಳಿದ್ದಾರೆ, ಕ್ರೈಸ್ತರ ಮಕ್ಕಳಿದ್ದಾರೆ, ಯಾವ ದೇವರನ್ನೂ ಒಪ್ಪದವರೂ ಇದ್ದಾರೆ. ಎದ್ದುಹೋಗಲಾರದವರ ಮುಂದೆ ಭಕ್ತಿಬೋಧೆ ಮಾಡುವುದು ಧರ್ಮವಲ್ಲವೆಂದು ನಾನು ತಿಳಿದಿದ್ದೇನೆ. ಅಲ್ಲಿ ಶಿಷ್ಯನು ಸಂದೇಹಪಡುವುದೇ ನನಗೆ ಸಲ್ಲುವ ಗುರುದಕ್ಷಿಣೆ.

ಇಗರ್ಜಿಯಲ್ಲಿ ಬೋಧಿಸುವವರಿಗೂ ಈ ಸಂಕಟವು ತಪ್ಪಿದ್ದಲ್ಲ. ಅಂಥವರಲ್ಲಿ ನಾನು ಮನಸ್ಸಿನಲ್ಲಿ ಗುರುವೆಂದು ಭಾವಿಸುವವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ದೈವಶಾಸ್ತ್ರವನ್ನು ಕಲಿತು ಪಾದ್ರಿಗಳಾದರು. ವೃತ್ತಿಯಿಂದ ಕ್ರಿಸ್ತಬೋಧಕರು, ಪ್ರವೃತ್ತಿಯಿಂದಲೋ, ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ, ಪಾಠಗಳನ್ನು ಹೋಲಿಸಿ ನೋಡಿ, 1924ರಲ್ಲಿ ಅಚ್ಚುಹಾಕಿಸಿದವರು. ಜನರು ಅವರನ್ನು ತಿರುಳ್ಗನ್ನಡದ ತಿರುಕರೆಂದು ಕರೆದರು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನ ಊರುಗಳನ್ನು ಎಣಿಸುವಾಗ ನಮ್ಮ ಕೊಪಣವನ್ನೂ ಎಣಿಸಿರುವುದರಿಂದ, ಆ ತಿರುಕರು ಭಿಕ್ಷೆ ಬೇಡಿದ್ದು ನಮ್ಮ ಮನೆಬಾಗಿಲಲ್ಲಿಯೇ ಎಂದು ನಾವು ಹೆಮ್ಮೆಪಡಬಹುದು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅನುಭವಮಂಟಪವು ಇದ್ದುದೇ ಸುಳ್ಳೆಂದು ಕೆಲವರು ವಾದಿಸಿದಾಗ ಅದರ ಐತಿಹಾಸಿಕತೆಯನ್ನು ಕುರಿತು ಪುಸ್ತಕವನ್ನೇ ಬರೆದವರು ಈ ಪಾದ್ರಿಗಳು. ನಮ್ಮ ಮೇಲಿನ ದಾಕ್ಷಿಣ್ಯಕ್ಕಾಗಿ ಅವರು ಬರೆಯಲಿಲ್ಲ, ಆಧಾರಗಳನ್ನು ತೂಗಿ ನೋಡಿ ಬರೆದರು. ಅವರ ಭಕ್ತಿ ಒಂದು ಕಡೆಗೆ, ಶೋಧನೆ ಇನ್ನೊಂದು ಕಡೆಗೆ ಇದ್ದವು. ಆದರೆ ಎರಡು ಕಡೆಗೂ ಮಾತು ಒಂದೇ ಮನುಷ್ಯನದಾಗಿತ್ತು. 1962ರಲ್ಲಿ ಅವರು ದೈವಾಧೀನರಾದರು.

ಸಂಬಳದ ಮಾತನ್ನೂ ಇಲ್ಲಿ ಮುಚ್ಚಿಡಬಾರದು. ಕ್ರೈಸ್ತರ ಗ್ರಂಥದಲ್ಲಿ ಪೌಲನು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆಹೊರೆದುಕೊಂಡು ಬೋಧಿಸಿದನೆಂದಿದೆ. ನಮ್ಮ ಶರಣರಂತೂ ಕಾಯಕವಿಲ್ಲದವನ ಮಾತಿಗೆ ಬೆಲೆ ಕೊಟ್ಟವರಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಹಿಂದಿನ ಯಲಬುರ್ಗಾ ತಾಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ಮನೆತನದ ಹೆಸರಿನಿಂದಲೇ ಪುರಾಣಿಕರು. ಸರಕಾರದ ಉನ್ನತಾಧಿಕಾರದಲ್ಲಿದ್ದೇ ಕಾವ್ಯಾನಂದರೆಂದು ಕವಿತೆಗಳನ್ನು ಬರೆದರು. ನನ್ನ ಅನುಭವದಲ್ಲಿ ಕಾಲೇಜಿನ ಸಂಬಳವು ನನ್ನ ಪುರಾಣಕ್ಕೆ ದೊಡ್ಡ ಉಪಕಾರವನ್ನು ಮಾಡಿದೆ. ಸಂಭಾವನೆಯಿಂದಲೇ ಒಲೆ ಹೊತ್ತಬೇಕಾದವನು ಊರಗೌಡರ ಮುಖವನ್ನು ನೋಡಿ ಅರ್ಥ ಹೇಳಬೇಕಾಗುವುದು. ಹಾಗೆಂದು ಹಿಂದಿನ ಶಾಸ್ತ್ರಿಗಳನ್ನು ಹಳಿಯುವೆನೆಂದು ತಿಳಿಯಬೇಡಿರಿ. ಹೆಗಲ ಮೇಲೆ ಗ್ರಂಥದ ಗಂಟನ್ನು ಹೊತ್ತು ಕಾಲ್ನಡಿಗೆಯಲ್ಲಿ ಬಂದು, ಕೊಟ್ಟಷ್ಟು ಜೋಳವನ್ನು ಕಟ್ಟಿಕೊಂಡು ಹೋದ ಅವರಿಲ್ಲದಿದ್ದರೆ ಈ ಸೀಮೆಯಲ್ಲಿ ಪ್ರಭುದೇವರ ಹೆಸರನ್ನು ಹೇಳುವವರೇ ಇರುತ್ತಿರಲಿಲ್ಲ.

ಮರುವರ್ಷ ಅದೇ ಹಳ್ಳಿಯವರು ಮತ್ತೆ ಕರೆದರು. ಈ ಸಲ ಮೊದಲನೆಯ ರಾತ್ರಿಯೇ ಮಮಕಾರ, ಮೋಹಿನಿ ಎಂಬ ಹೆಸರುಗಳ ಅರ್ಥವನ್ನು ಬಿಡಿಸಿ ಹೇಳಿ, ಇದು ಕವಿಯು ಕಂಡ ಕಾಣ್ಕೆ ಎಂದು ತಿಳಿಸಿದೆನು. ಮಾಯೆಯ ಪ್ರಸಂಗವು ಬಂದ ರಾತ್ರಿ ಒಂದಿಷ್ಟು ನಿಲ್ಲಿಸಿ, “ಇದಕ್ಕಿಂತ ಹಳೆಯ ಕವಿಯೊಬ್ಬನು ಇದನ್ನು ಬೇರೆ ರೀತಿಯಲ್ಲಿ ಹೇಳಿರುವನು” ಎಂದು ಕಮಲತೆಯ ಕಥೆಯನ್ನು ಹೇಳತೊಡಗಿದೆನು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದುನಿಂತರು. “ಶಾಸ್ತ್ರಿಗಳ, ಕಾಲೇಜು ಕಾಲೇಜಿನ್ಯಾಗ ಇರಲಿ. ನಮಗ ಪ್ರಭುದೇವರು ಬೇಕು” ಎಂದರು. ಸಭೆಯು ಸುಮ್ಮನಾಯಿತು. ಅವರ ಮಾತಿನಲ್ಲಿ ಅರ್ಧ ಸತ್ಯವಿದ್ದಿತು: ನಾನು ಕವಿಗಳ ಕಾಲನಿರ್ಣಯ, ಆಕರಗಳ ಚರ್ಚೆ ಎಂದು ಹತ್ತು ನಿಮಿಷ ಎಳೆದಿದ್ದೆನು. ದುಡಿದು ದಣಿದು ಬಂದವರಿಗೆ ಅದು ಬೇಡ. ಅದನ್ನು ಅಲ್ಲಿಗೇ ಬಿಟ್ಟು ಕಥೆಯನ್ನಷ್ಟೇ ಹೇಳಿದೆನು. ಅವಳು ತೀರಿಕೊಂಡುದು, ಆತನು ಅವಳ ಹೆಸರು ಹಿಡಿದು ಕೂಗುತ್ತ ತಿರುಗಿದುದು, ಕಡೆಗೆ ಆ ತೋಟ, ಆ ಕಳಸ, ಆ ಗುಡಿ. ಹಿರಿಯರು ಕುಳಿತರು, ಮಂಗಳಾರತಿಯವರೆಗೂ ಏಳಲಿಲ್ಲ. ಒಪ್ಪಿದರೆಂದು ಮಾತ್ರ ನಾನು ಹೇಳಲಾರೆನು.

ಪ್ರಸಾದದ ಪಂಕ್ತಿಯಲ್ಲಿ ಆ ಹುಡುಗನ ತಾಯಿ ಬಂದು ನಿಂತಳು. ಗಂಡನನ್ನು ಕಳೆದುಕೊಂಡವಳೆಂದು ನನಗೆ ಆಗಲೇ ತಿಳಿದದ್ದು. “ಅಜ್ಜಾರ, ಹಂಗಾದರ ಪ್ರಭುದೇವರೂ ನಮ್ಮಂಗ ಅತ್ತಾರೇನ್ರೀ?” ಎಂದು ಕೇಳಿದಳು.

“ಹೌದವ್ವಾ, ಹರಿಹರ ಹಂಗ ಬರದಾನ” ಎಂದೆನು.

ಅವಳು ಸ್ವಲ್ಪ ಹೊತ್ತು ನಿಂತು, “ನಾಳೆ ಅದರ ಮುಂದಿಂದು ಹೇಳ್ರಿ” ಎಂದು ತನ್ನ ತಾಟನ್ನು ಎತ್ತಿಕೊಂಡು ಹೋದಳು.

ನನಗೆ ಕೊಟ್ಟ ಅವಧಿಯು ಮೀರಿತು. ದಾಸೋಹದ ಮನೆಯಿಂದ ಕರೆ ಬಂದಿದೆ. ಈ ವರ್ಷದ ಶ್ರಾವಣಕ್ಕೆ ಯಲಬುರ್ಗಾ ಕಡೆಯ ಭಕ್ತರು ಈಗಾಗಲೇ ವೀಳ್ಯವನ್ನು ಕೊಟ್ಟಿರುವರು. ಎರಡೂ ಪುಸ್ತಕಗಳನ್ನು ಒಂದೇ ಚೀಲದಲ್ಲಿ ಒಯ್ಯುವೆನು.